ಮೂರನೆಯ ಗುಂಪು

ಮಾರ್ಚ್ 6, ಬೆಳಿಗ್ಗೆ

ಟ್ರಾಮ್ ಇವತ್ತೂ ತಡ. ಬುಡಾಪೆಸ್ಟಿಗೇ ನಿದ್ದೆ ಬಿಟ್ಟಿರಲಿಲ್ಲ. ಹೊಸ ಉಪಗ್ರಹದ ಪಟ್ಟಿ ಇಳಿಸಿಕೊಂಡೆ — ಒಂದು ವರ್ಷದ ಗಾಮಾ ಕಿರಣ ಸ್ಫೋಟಗಳು. ಆಕಾಶದಾಚೆ ದೂರದಲ್ಲೆಲ್ಲೋ ಫಕ್ಕನೆ ಹೊತ್ತಿ ಆರಿಹೋದವು. ಕೆಲವು ಕಣ್ಣು ಮಿಟುಕಿಸುವಷ್ಟು, ಕೆಲವು ನಿಮಿಷಗಟ್ಟಲೆ. ಇವು ಎರಡೇ ಗುಂಪು ಎನ್ನುತ್ತದೆ ಲೋಕ. ನಡುವೆ ಮೂರನೆಯದಿದೆ ಎಂದವರು ನಮ್ಮ ಮೇಷ್ಟ್ರು, ನಾವೆಲ್ಲ ಮಾಮ ಎಂದೇ ಕರೆಯುವ ತಿಹಮೇರ್ ಮಾಮ, ಹಳೆಯ ಉಪಗ್ರಹದ ಅಂಕಿ ಹಿಡಿದು. ಅದು ಆ ಉಪಗ್ರಹದ ಯಂತ್ರದ ದೋಷ ಎಂದು ಸಭೆಗಳಲ್ಲಿ ನಕ್ಕವರೇ ಹೆಚ್ಚು.

ಈ ಸಲದ ಲೆಕ್ಕ ಮಾಮ ಮುಟ್ಟುವುದಿಲ್ಲವಂತೆ. ಬೇಕಾದ್ದೇ ಕಂಡುಬಿಡುತ್ತದೆ ಎಂಬ ಭಯ. ನನ್ನ ತಲೆಗೆ ಕಟ್ಟಿದರು.

ಮಾರ್ಚ್ 19

ಎರಡೇ ಗುಂಪು. ಮತ್ತೆ ಮಾಡಿದೆ. ಎರಡೇ.

ಮುಂದಿನ ವಾರ ಮಾಮನ ನಿವೃತ್ತಿ. ಏನಾದರೂ ಸಿಹಿಸುಳ್ಳು ಹೇಳಲೇ ಅನ್ನಿಸಿತು. ಆಗಲಿಲ್ಲ. ನಿಜವನ್ನೇ ಹೇಳಿ ನೆಲ ನೋಡುತ್ತ ನಿಂತೆ.

ಕನ್ನಡಕ ಒರೆಸಿಕೊಂಡರು. "ಇಲ್ಲ ಅಂದ್ರೆ ಇಲ್ಲ ಅಂತಲೇ ಬರಿ, ಬೋರಿ. ನನ್ನ ಮುಖ ನೋಡಬೇಡ."

ನಾನು ಬಾಗಿಲ ಹತ್ತಿರ ಹೋದ ಮೇಲೆ ಮೆಲ್ಲಗೆ ಅಂದರು — ಪಟ್ಟಿಯಲ್ಲಿ ಸ್ಫೋಟಗಳು ಇನ್ನೂ ಕಡಿಮೆ, ಕಾಯಬೇಕು.

ಜೂನ್ 3, ಮರುವರ್ಷ

ಬರೆಯುವಂಥದ್ದೇನೂ ಇರಲಿಲ್ಲ. ಇವತ್ತು ಇದೆ.

ಪಟ್ಟಿ ದುಪ್ಪಟ್ಟಾಗಿದೆ. ಮಧ್ಯಾಹ್ನ ಲೆಕ್ಕಕ್ಕೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ… ಮೂರು. ಗಿಡ್ಡವು, ಉದ್ದವು, ನಡುವೆ ಮೆದು ಬೆಳಕಿನವು. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದೆ. ಇನ್ನೂ ಮೂರೇ.

ಮಾಮನಿಗೆ ಫೋನ್ ಮಾಡಲಿಲ್ಲ. ಮೊದಲು ಪರೀಕ್ಷೆ.

ಜೂನ್ 11

ಎರಡೇ ಗುಂಪಿರುವ ಸುಳ್ಳು ಪಟ್ಟಿಗಳನ್ನು ರಾಶಿರಾಶಿ ಕಟ್ಟಿ, ಒಂದೊಂದನ್ನೂ ಅದೇ ಲೆಕ್ಕದ ಜರಡಿಗೆ ಹಾಕಿದೆ. ಬರೀ ಅದೃಷ್ಟದಿಂದ ಇಂಥ ಮೂರನೆಯದು ಏಳುವುದು ತೀರಾ ಅಪರೂಪ. ಮಾಮನ ಕಾಲದ ಯಂತ್ರವೇ ಬೇರೆ, ಇದೇ ಬೇರೆ, ಗುಂಪು ಮಾತ್ರ ಅದೇ. ಯಂತ್ರದ ದೋಷವಲ್ಲ.

ನಾಳೆ ಮಾಮನ ಊರಿಗೆ ರೈಲು ಹತ್ತುತ್ತೇನೆ. ಇದು ಫೋನಿನಲ್ಲಿ ಹೇಳುವ ಮಾತಲ್ಲ.

ಜೂನ್ 12, ಸಂಜೆ, ವೆಲೆಂತ್ಸೆ ಕೆರೆ

ಮಾಮ ಮನೆಯೆದುರಿನ ದಡದಲ್ಲಿ ಗಾಳ ಹಾಕಿ ಕೂತಿದ್ದರು. ಹೇಳಿದೆ. ಗಾಳ ಕೆಳಗಿಟ್ಟು ನನ್ನತ್ತ ತಿರುಗಿದರು.

"ನನ್ನ ಖುಷಿಗೆ ಹೇಳ್ತಿಲ್ಲ ತಾನೆ?"

"ನಿಮ್ಮ ಖುಷಿಗಾದ್ರೆ ಹೋದ ವರ್ಷವೇ ಹೇಳ್ತಿದ್ದೆ, ಮಾಮ."

ಆಗ ನಕ್ಕರು. ಹೆಗಲು ಕುಣಿಯುವಷ್ಟು ನಕ್ಕರು. ಮೀನು ಗಾಳ ಎಳೆದುಕೊಂಡು ಹೋಯಿತು, ತಿರುಗಿಯೂ ನೋಡಲಿಲ್ಲ. ಒಳಗೆ ಓಡಿ ಹೆಂಡತಿ ಪಿರೋಶ್ಕ ಅತ್ತೆಯ ಕೈ ಹಿಡಿದರು — ಹಿಟ್ಟಿನ ಕೈ, ಪ್ಲಮ್ ಉಂಡೆ ಕಟ್ಟುತ್ತಿದ್ದರು. ರೇಡಿಯೊದಲ್ಲಿ ಚಾರ್ದಾಶ್ ಕುಣಿತದ ಹಾಡು. ಮಂಡಿನೋವಿನ ಮುದುಕ ಅಡುಗೆಮನೆ ತುಂಬ ಕುಣಿಯುತ್ತಿದ್ದಾರೆ. ಅತ್ತೆ ಬೈಯುತ್ತಲೇ ಹೆಜ್ಜೆ ಹಾಕುತ್ತಿದ್ದಾರೆ. ನಾನು ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ಬರೆದುಕೊಳ್ಳು… ಅಯ್ಯೋ, ನನ್ನ ತೋಳಿಗೂ ಹಿಟ್ಟು, ಅತ್ತೆ ಎಳೆ—