ಎರಡು ಗಂಟೆಯ ಸಾಲು

ಹದಿನಾಲ್ಕನೇ ತಾರೀಖು, ಶನಿವಾರ
ನರ್ಸಿಂಗ್ ವಿದ್ಯಾರ್ಥಿನಿಯರ ಹಾಸ್ಟೆಲ್, ಮೂರನೇ ಮಹಡಿ

ಪ್ರೀತಿಯ ಮಿಸ್,

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಶಾಲೆ ಬಿಟ್ಟ ಮೇಲೆ ಒಂದು ಸಾಲೂ ಬರೆಯದವಳು ಇದ್ದಕ್ಕಿದ್ದಂತೆ ಇಷ್ಟುದ್ದ ಕಾಗದ ಕಳಿಸಿದರೆ ನೀವು ಏನಂದುಕೊಂಡೀರಿ ಅಂತ ಯೋಚಿಸುವುದರಲ್ಲೇ ಎರಡು ದಿನ ಹೋಯಿತು. ಮಂಗಳವಾರ ಫೋನ್ ಬಂದು, ನೀವು ಹಲೋ ಅಂದಕೂಡಲೇ ಕಟ್ಟಾಯಿತಲ್ಲ, ಅದು ನಾನೇ. ಅಳು ಬಂದುಬಿಡುತ್ತದೆ ಅಂತ ಇಟ್ಟುಬಿಟ್ಟೆ. ಕಾಗದದಲ್ಲಾದರೆ ಅತ್ತರೂ ಗೊತ್ತಾಗುವುದಿಲ್ಲ. ನೀವು ಕಲಿಸಿದ ಮರ್ಯಾದೆಗಾದರೂ ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಆದರೆ ನನ್ನ ಇಂಗ್ಲಿಷ್ ಇನ್ನೂ ಅರ್ಧಂಬರ್ಧ, ಹೆದರಿದಾಗ ಆ ಅರ್ಧವೂ ಓಡಿಹೋಗುತ್ತದೆ. ಇಸ್ತ್ರಿ ಮಾಡುವ ಮೇಜಿನ ಮೇಲೆ ಬರೆಯುತ್ತಿದ್ದೇನೆ. ರೂಮ್‌ಮೇಟ್ ಇಸ್ತ್ರಿಪೆಟ್ಟಿಗೆ ಹಿಡಿದು ಕಾಯುತ್ತಿದ್ದಾಳೆ, ಅಕ್ಷರ ಸೊಟ್ಟಗಾದರೆ ಅವಳ ತಪ್ಪು.

ನಾನೀಗ ನರ್ಸಿಂಗ್ ಮೊದಲನೇ ವರ್ಷ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ವಾರ್ಡು. ನನ್ನ ಪಾಲಿಗೆ ಬಂದವರು ಆರನೇ ಮಂಚದ ಟೈಲರ್ ಅಜ್ಜ. ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಆಡುವುದಿಲ್ಲ, ಬಾಯಿ ಮಾತ್ರ ಚೆನ್ನಾಗಿ ಆಡುತ್ತದೆ. ನನ್ನ ಯೂನಿಫಾರ್ಮ್ ನೋಡಿದ ಮೊದಲ ದಿನವೇ ಭುಜ ಅರ್ಧ ಇಂಚು ಇಳಿದಿದೆ, ಯಾವನಮ್ಮ ಹೊಲಿದವನು ಅಂತ ಕೇಳಿದರು. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಚರ್ಮ ಹುಣ್ಣಾಗುತ್ತದೆ. ಬದಲಿಸಿದ ಮೇಲೆ ಮಂಚಕ್ಕೆ ನೇತುಹಾಕಿದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಬೇಕು. ಮಾಡಿದ್ದು ಭೂತಕಾಲದಲ್ಲಿ, ಮುಂದಿನ ಪಾಳಿಯವರು ಮಾಡಬೇಕಾದ್ದು ಭವಿಷ್ಯತ್ಕಾಲದಲ್ಲಿ. ವಾರ್ಡಿನ ಸಿಸ್ಟರ್ ನನ್ನ ಹಾಳೆ ನೋಡಿ, ಈ ಹುಡುಗಿಗೆ ಟೆನ್ಸ್ ಕಲಿಸಿದವರು ಯಾರು, ಒಂದೂ ತಪ್ಪಿಲ್ಲ ಅಂದರು. ನಿಮ್ಮ ಹೆಸರು ಹೇಳಿ ಬೀಗಿದೆ. ನಿಜವಾದ ಹೆಸರನ್ನೇ ಹೇಳಿದೆ. ಶಾಲೆಯ ಹಾಸ್ಟೆಲಿನಲ್ಲಿ ನಾವೆಲ್ಲ ನಿಮ್ಮನ್ನು ‘ನಿನ್ನೆ-ನಾಳೆ ಮಿಸ್’ ಅನ್ನುತ್ತಿದ್ದೆವು, ಅದಕ್ಕೂ ಕ್ಷಮೆಯಿರಲಿ.

ದಿನಾ ಬೆಳಗ್ಗೆ ಒಬ್ಬೊಬ್ಬರೂ ಎದ್ದು ನಿನ್ನೆ ಮಾಡಿದ್ದು ಒಂದು ವಾಕ್ಯ, ನಾಳೆ ಮಾಡುವುದು ಒಂದು ವಾಕ್ಯ ಹೇಳಬೇಕಿತ್ತಲ್ಲ. ನಾಲ್ಕನೇ ಕ್ಲಾಸಿನಲ್ಲಿ ನನ್ನ ನಾಳೆ ಯಾವಾಗಲೂ ಒಂದೇ: ಮೈ ಮದರ್ ವಿಲ್ ಕಮ್. ಅಮ್ಮ ಎರಡನೇ ಮದುವೆಯಾಗಿ ಹೋದ ವರ್ಷ ಅದು. ಒಂದು ಸೋಮವಾರ ಎದ್ದವಳೇ ಮೈ ಮದರ್ ಕೇಮ್ ಅಂದುಬಿಟ್ಟೆ. ಹಿಂದಿನ ದಿನವಿಡೀ ನಾನೊಬ್ಬಳೇ ಭೇಟಿ ಕೋಣೆಯ ಬಾಗಿಲಲ್ಲಿ ಕೂತಿದ್ದನ್ನು ಎಲ್ಲರೂ ನೋಡಿದ್ದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ನೀವು ನಗಲಿಲ್ಲ, ಬೈಯಲೂ ಇಲ್ಲ. ವ್ಯಾಕರಣ ಸರಿ ಇದೆ, ಕೂತ್ಕೋ ಅಂದಿರಿ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಕರೆದು ಹೇಳಿದಿರಿ: “ಬೇರೆಯವರ ಕೈಲಿರೋ ನಾಳೆ ಬೇಡ ಪುಟ್ಟಾ. ನಿನ್ನ ಕೈಲಿ ಆಗೋದನ್ನ ಹೇಳು. ಆಮೇಲೆ ಅದನ್ನ ಮಾಡು.” ಯೋಚಿಸಿ ಯೋಚಿಸಿ, ಐ ವಿಲ್ ವಾಶ್ ಮೈ ಸಾಕ್ಸ್ ಅಂದೆ. ಒಗೆದೆ ಕೂಡ.

ಮುಂದಿನ ಭಾನುವಾರ ಆಯಾ ಬಂದು ನಿನ್ನ ನೋಡೋಕೆ ಯಾರೋ ಬಂದಿದ್ದಾರೆ ಅಂದಳು. ಓಡಿದೆ. ಫ್ಯಾನಿನ ಕೆಳಗೆ ನೋಟ್‌ಬುಕ್ಕಿನ ಕಟ್ಟು ಇಟ್ಟುಕೊಂಡು ನೀವು ಕೂತಿದ್ದಿರಿ. ಮನೇಲಿ ಗಲಾಟೆ, ಇಲ್ಲಾದರೆ ಆರಾಮಾಗಿ ತಿದ್ದಬಹುದು, ನೀನು ಪುಟ ತಿರುವಿ ಕೊಡು ಅಂದಿರಿ. ಆಮೇಲೆ ತಿಂಗಳಿಗೊಂದು ಭಾನುವಾರ, ಆರು ವರ್ಷ. ನಿಮ್ಮ ಮನೆಯಲ್ಲಿದ್ದದ್ದು ನೀವೊಬ್ಬರೇ, ಎರಡು ಬಸ್ಸು ಬದಲಿಸಿ ಬರುತ್ತಿದ್ದಿರಿ ಅಂತ ಗೊತ್ತಾದಾಗ ನಾನು ಹತ್ತನೇ ಕ್ಲಾಸು. ಗೊತ್ತಾಯಿತು ಅಂತ ಹೇಳಲಿಲ್ಲ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ, ಮಿಸ್.

ಕಾಗದ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು.

ಹೋದ ವಾರ, ಆರನೇ ತಾರೀಖು ಶುಕ್ರವಾರ ಹನ್ನೆರಡಕ್ಕೆ ಅಜ್ಜನನ್ನು ಬಲಮಗ್ಗುಲಿಗೆ ಮಲಗಿಸಿ, ಎರಡು ಗಂಟೆಯ ಸಾಲನ್ನೂ ಆಗಲೇ ಬರೆದು ಸಹಿ ಹಾಕಿಟ್ಟೆ: ಟರ್ನ್ಡ್ ಟು ಲೆಫ್ಟ್. ಮಾರನೇ ದಿನ ಅನಾಟಮಿ ಟೆಸ್ಟು. ಸೀನಿಯರ್ ಅಕ್ಕಂದಿರೂ ಹೀಗೇ ಬರೆದಿಡುತ್ತಾರೆ, ಹೇಗೂ ಮಾಡುತ್ತೇನಲ್ಲ ಅಂದುಕೊಂಡೆ. ಎರಡಕ್ಕೆ ಸರಿಯಾಗಿ ರಕ್ತದ ಸ್ಯಾಂಪಲ್ ಕೊಟ್ಟು ರಿಪೋರ್ಟ್ ತರಲು ಲ್ಯಾಬಿಗೆ ಕಳಿಸಿದರು. ಅಲ್ಲಿ ಹನುಮಂತನ ಬಾಲದಂಥ ಸಾಲು. ನಿಂತಲ್ಲೇ ಮೂಳೆಗಳ ಹೆಸರು ಉರುಹೊಡೆಯುತ್ತ ಅಜ್ಜನನ್ನು ಮರೆತೇಬಿಟ್ಟೆ. ನಡುವೆ ಸಿಸ್ಟರ್ ಹಾಳೆ ನೋಡಿ, ಆಗಿದೆಯಲ್ಲ ಅಂತ ಮುಂದೆ ಹೋಗಿದ್ದರು. ನಾನು ಬಂದದ್ದು ನಾಲ್ಕೂಕಾಲಿಗೆ. ಅಜ್ಜನ ಸೊಂಟದ ಮೇಲೆ ಅಂಗೈಯಗಲ ಕೆಂಪು, ಬೆರಳಲ್ಲಿ ಒತ್ತಿದರೂ ಮಾಸಲಿಲ್ಲ. ಯಾಕೆ ಕರೆಯಲಿಲ್ಲ ಅಜ್ಜಾ ಅಂದರೆ, ನಿಂಗೆ ನಾಳೆ ಪರೀಕ್ಷೆ ಅಂದಿದ್ದೆಯಲ್ಲ, ಓದ್ಕೋತಿರಬೇಕು ಅಂದ್ಕೊಂಡೆ ಅಂದರು.

ಯಾರೂ ನೋಡಿರಲಿಲ್ಲ, ಮಿಸ್. ಹಾಳೆ ನನ್ನ ಪರವಾಗಿತ್ತು. ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಅಜ್ಜನಿಗೆ ಮೊದಲು ಹೇಳಿದೆ. ಅವರು ನಗಾಡಿದರು: “ಬಟ್ಟೆ ಕತ್ತರಿಸೋಕೆ ಮೊದ್ಲೇ ‘ಹೊಲಿದಾಯ್ತು, ನಾಳೆ ಬನ್ನಿ’ ಅಂತ ನಲವತ್ತು ವರ್ಷ ಹೇಳಿದವನು ನಾನು. ನಿನ್ನ ಬೈಯೋಕೆ ನನಗೆಲ್ಲಿದೆ ಬಾಯಿ?” ಆದರೆ ನನ್ನ ಗಿರಾಕಿಗಳ ಚರ್ಮ ಕೆಂಪಾಗುತ್ತಿರಲಿಲ್ಲ ಅಂತಲೂ ಅಂದರು. ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಅಳಿಸುವಂತಿಲ್ಲ, ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ನಾಟ್ ಡನ್ ಅಂತ ಬರೆದು, ಸಮಯ ಹಾಕಿ, ಸಿಸ್ಟರ್ ಹತ್ತಿರ ಹೋದೆ. ಇಡೀ ವಾರ್ಡಿಗೆ ಕೇಳುವಂತೆ ಬೈದರು. ಬೈಯುತ್ತಲೇ ಬಂದು, ನೋವಿಲ್ಲದಂತೆ ದಿಂಬು ಎಲ್ಲಿಡಬೇಕು ಅಂತ ತೋರಿಸಿಕೊಟ್ಟರು. ಬುಧವಾರದ ಹೊತ್ತಿಗೆ ಕೆಂಪು ಪೂರ್ತಿ ಇಳಿದಿತ್ತು. ಆ ದಿನ ನನಗಾದ ಸಮಾಧಾನವನ್ನು ಯಾವ ಭಾಷೆಯಲ್ಲೂ ಬರೆಯಲಾರೆ.

ಆದರೆ ಇಂಥದ್ದು ಪ್ರಿನ್ಸಿಪಾಲರ ತನಕ ಹೋಗಲೇಬೇಕಂತೆ. ಇಪ್ಪತ್ತೇಳರ ಶುಕ್ರವಾರ ಕರೆದಿದ್ದಾರೆ. ಪೋಷಕರು ಬರಬೇಕು, ಇಲ್ಲವೇ ಚಿಕ್ಕಂದಿನಿಂದ ಬಲ್ಲ ಹಿರಿಯರು ಯಾರಾದರೂ ಪತ್ರ ಬರೆದು ಜವಾಬ್ದಾರಿ ಹೊರಬೇಕು. ಇಲ್ಲದಿದ್ದರೆ ಕೋರ್ಸಿನಿಂದ ತೆಗೆಯುತ್ತಾರೆ. ಅಮ್ಮನಿಗೆ ಬರೆಯಲಿಲ್ಲ. ನಾನೊಬ್ಬಳು ಇದ್ದೇನೆ ಅನ್ನುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿಲ್ಲ. ನೀವು ಬರೆಯುತ್ತೀರಾ? ಒಳ್ಳೆಯ ಹುಡುಗಿ ಅಂತ ಮಾತ್ರ ಬರೆಯಬೇಡಿ, ಆ ಸೋಮವಾರದ್ದನ್ನೂ ಬರೆಯಿರಿ. ಬೇಡ ಅನ್ನಿಸಿದರೆ ಬೇಡ. ಆರು ವರ್ಷದ ಭಾನುವಾರಗಳು ಆಗಲೇ ನನ್ನ ಹತ್ತಿರ ಇವೆ, ಅವನ್ನು ಯಾರೂ ತೆಗೆಯಲಾರರು.

ನಿಮ್ಮ,
ಕೊನೇ ಬೆಂಚಿನ ಕಡ್ಡಿ

ಮರೆತಿದ್ದು: ಪತ್ರದ ಜೊತೆ ಒಂದು ಫಾರಂ ಇಟ್ಟಿದ್ದೇನೆ. ಅದರಲ್ಲಿ ‘ವಿದ್ಯಾರ್ಥಿನಿ ನಿಮಗೆ ಏನಾಗಬೇಕು’ ಅಂತ ಒಂದು ಕಾಲಂ ಇದೆ. ಆಫೀಸಿನ ಗುಮಾಸ್ತರು ಈಗಲೇ ತುಂಬಿಬಿಡು, ಮುಗೀತು ಅಂದರು. ಪೆನ್ನು ಹಿಡಿದು ತುಂಬಾ ಹೊತ್ತು ನಿಂತಿದ್ದೆ. ಮನಸ್ಸಿನಲ್ಲಿ ಒಂದು ಪದ ಇದೆ, ನಾಲ್ಕನೇ ಕ್ಲಾಸಿನಿಂದಲೂ ಇದೆ. ನಿಮ್ಮನ್ನು ಕೇಳದೆ ಬರೆಯಲು ಕೈ ಬರಲಿಲ್ಲ, ಖಾಲಿ ಬಿಟ್ಟಿದ್ದೇನೆ. ನಿಮಗೆ ಸರಿ ಅನ್ನಿಸಿದ್ದನ್ನು ನೀವೇ ತುಂಬಿ. ಶಿಷ್ಯೆ ಅಂತ ಬರೆದರೂ ಸಂತೋಷವೇ. ಇಪ್ಪತ್ತೈದರೊಳಗೆ ನನ್ನ ಕೈಸೇರಬೇಕು, ದಯವಿಟ್ಟು ಬೇಗ ಉತ್ತರ ಬರೆಯಿರಿ.