ಪೊಸಿಷನ್: ಗಾರ್ಡ್

೮ ಫೆಬ್ರವರಿ ೨೦೦೯, ಭಾನುವಾರ, ರೌಸ್ ಹಿಲ್, ಸಿಡ್ನಿ

ಚರ್ಚಿನ ಪೂಜೆಗೆ ಒಬ್ಬಳೇ ಹೋಗಿ ಬಂದೆ. ಗಂಡ ಕಮಿಲ್ಲಸ್ ಸೋಫಾ ಬಿಟ್ಟು ಏಳಲಿಲ್ಲ. ನವೆಂಬರ್‌ನಲ್ಲಿ ಕೆಲಸ ಹೋದಾಗಿನಿಂದ ಹೀಗೇ. ಕೇಳಿದ್ದಕ್ಕೆ ‘ಹ್ಞೂಂ’. ಕೇಳದಿದ್ದರೆ ಅದೂ ಇಲ್ಲ.

ಮಧ್ಯಾಹ್ನ ಬ್ಯಾಸ್ಕೆಟ್‌ಬಾಲ್ ಲೀಗಿನ ಡ್ರಾಫ್ಟ್. ಆಸ್ಟ್ರೇಲಿಯಾದ ಕನ್ನಡಿಗರದ್ದೇ ಲೀಗ್ — ಸಿಡ್ನಿಯ ಮೂರು ಟೀಮ್, ಮೆಲ್ಬರ್ನ್‌ನ ಮೂರು. ಹೋದ ವರ್ಷ ಕೊನೆಗೆ ಬಂದವರಿಗೆ ಹೊಸಬರಲ್ಲಿ ಮೊದಲ ಆಯ್ಕೆ. ಅಂದರೆ ನಮಗೆ. ಅಮೆರಿಕದಲ್ಲಿ ಹೀಗೆ ಆರಿಸಿದ ಒಬ್ಬೊಬ್ಬ ಹುಡುಗ ಇಡೀ ಟೀಮಿನ ಹಣೆಬರಹ ಬದಲಿಸಿದ ಕಥೆಗಳು ಲೀಗ್ ನಡೆಸುವ ಚಕ್ರಪಾಣಿ ಅಂಕಲ್‌ಗೆ ಬಾಯಿಪಾಠ.

ಇದು ಕಮಿಲ್ಲಸ್ ಕಟ್ಟಿದ ಟೀಮ್. ಈಗ ಅದರ ಹೆಸರೂ ಎತ್ತುವುದಿಲ್ಲ. ಈ ಸಲವೂ ಕೊನೆಗೆ ಬಂದರೆ ಲೀಗಿನಿಂದಲೇ ಔಟ್. ಟೀಮ್ ಹೋದರೆ ಈ ಮನುಷ್ಯ ಆ ಸೋಫಾದಿಂದ ಏಳುವುದೇ ಇಲ್ಲ… ಅದೇ ನನ್ನ ಹೆದರಿಕೆ. ಹಾಗಾಗಿ ಮ್ಯಾನೇಜರ್ ನಾನೇ ಆಗಿದ್ದೇನೆ.

“ಒಬ್ಬ ಇದ್ದಾನಮ್ಮ, ಹಿರಿಯೂರಿನ ಸ್ಟೂಡೆಂಟು. ಫೋನಲ್ಲಿ ಪೊಸಿಷನ್ ಏನಪ್ಪಾ ಅಂದೆ. ಗಾರ್ಡ್ ಅಂದ. ಎರಡು ವರ್ಷ ಎಕ್ಸ್‌ಪೀರಿಯೆನ್ಸ್!” ಎಂದರು ಅಂಕಲ್.

ಬಾಲ್ ನಡೆಸುವ ಗಾರ್ಡ್ ನಮಗೆ ಇಲ್ಲವೇ ಇಲ್ಲ. ಹಿಂದೆಮುಂದೆ ನೋಡದೆ ಬುಕ್ ಮಾಡಿದೆ. ಹೆಸರು ಹಿರಿಯಣ್ಣ. ಮಿಕ್ಕ ಟೀಮಿನವರ ಮುಖ ನೋಡಬೇಕಿತ್ತು!

೧೪ ಫೆಬ್ರವರಿ, ಶನಿವಾರ

ಅಯ್ಯೋ ದೇವರೇ.

ಹಿರಿಯಣ್ಣ ಪ್ರಾಕ್ಟೀಸಿಗೆ ಬಂದ. ಕಪ್ಪು ಪ್ಯಾಂಟು, ಪಾಲಿಶ್ ಹಾಕಿದ ಬೂಟು, ಸೊಂಟಕ್ಕೆ ಟಾರ್ಚ್.

“ಮೇಡಂ, ಗೇಟು ಯಾವ ಕಡೆ ಐತೆ? ಎಲ್ಲಿ ನಿಂತ್ಕಬೇಕು?”

“ಗೇಟ್ ಎಂತಕ್ಕೆ ಮಾರಾಯ?”

“ಬ್ಯಾಸ್ಕೆಟ್‌ಬಾಲ್‌ಗೆ ಗಾರ್ಡ್ ಬೇಕು ಅಂದ್ರಲ್ಲ ಅಂಕಲ್ಲು? ನಾನು ಶಾಪಿಂಗ್ ಸೆಂಟರ್‌ನಾಗೆ ಸೆಕ್ಯುರಿಟಿ ಗಾರ್ಡು, ಮೇಡಂ.”

ಕೈಗೆ ಬಾಲ್ ಕೊಟ್ಟೆ. ಕಲ್ಲಂಗಡಿ ಹಣ್ಣು ಹಿಡಿದ ಹಾಗೆ ಹಿಡಿದುಕೊಂಡ. ನಮ್ಮ ಟೀಮಿನ ಜೋಯೆಲ್ ಮತ್ತು ಹ್ಯಾರಿಸ್ ನೆಲದಲ್ಲಿ ಕುಳಿತು ನಕ್ಕರು. ಅವರಿಗೇನು, ಬಾಲ್ ಕೈಗೆ ಸಿಕ್ಕರೆ ಒಬ್ಬನಿಗೂ ಪಾಸ್ ಕೊಡದೆ ತಾವೇ ಶೂಟ್ ಮಾಡಿ ನಮ್ಮನ್ನು ಎರಡು ವರ್ಷ ಸೋಲಿಸಿದ ಶೂರರು. ಆಯ್ಕೆ ಬದಲಿಸುವಂತಿಲ್ಲವಂತೆ, ರೂಲ್ಸು. ಕಾರಲ್ಲಿ ಕುಳಿತು ಅತ್ತೆ.

ಅದೇ ದಿನ, ಊಟದ ನಂತರ

ಕಮಿಲ್ಲಸ್‌ಗೆ ಹೇಳಿದೆ. ಸಿಟ್ಟಿನಲ್ಲೇ ಹೇಳಿದೆ. ‘ಗೇಟು ಯಾವ ಕಡೆ’ ಎಂಬಲ್ಲಿಗೆ ಬಂದಾಗ ಇವರ ಭುಜ ಕುಣಿಯತೊಡಗಿತು. ಆಮೇಲೆ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನವೆಂಬರ್ ನಂತರ ಮೊದಲ ಸಲ. ನನಗೂ ನಗು ತಡೆಯಲಾಗಲಿಲ್ಲ.

“ಪಾಪ, ಹುಡುಗನನ್ನು ನಾಳೆ ಮನೆಗೆ ಬರ್ಲಿಕ್ಕೆ ಹೇಳು,” ಎಂದರು.

೨೨ ಫೆಬ್ರವರಿ

ವಾರವಿಡೀ ಡ್ರೈವ್‌ವೇಯಲ್ಲಿ ದಡ್ ದಡ್. ಹಿರಿಯಣ್ಣ ಶಿಫ್ಟ್ ಮುಗಿಸಿ ಬರುತ್ತಾನೆ, ಇವರು ಹವಾಯಿ ಚಪ್ಪಲಿಯಲ್ಲೇ ಇಳಿಯುತ್ತಾರೆ. ಕಲಿಸುವುದೆಲ್ಲ ಅ ಆ ಇ ಈಯಿಂದ. ಹುಡುಗನಿಗೆ ನಾಚಿಕೆಯಿಲ್ಲ, ಸಾವಿರ ಪ್ರಶ್ನೆ. ಉತ್ತರಿಸದೆ ಇವರಿಗೆ ಗತಿಯಿಲ್ಲ. ‘ಹ್ಞೂಂ’ ಅಲ್ಲಿ ನಡೆಯುವುದಿಲ್ಲ!

೨೫ ಫೆಬ್ರವರಿ, ಬೂದಿ ಬುಧವಾರ

ತಪಸ್ಸುಕಾಲ ಶುರು. ಎಲ್ಲರೂ ಈಸ್ಟರ್ ತನಕ ಮಾಂಸ ಬಿಡುವವರೇ. ಇಗರ್ಜಿಯ ಹೊರಗೆ ಕಮಿಲ್ಲಸ್ ಜೋಯೆಲ್‌ನನ್ನು ಹಿಡಿದರು.

“ನೀನು ಈ ಸಲ ಮಾಂಸದ ಬದಲು ಬೇರೆ ಒಂದು ಬಿಡು. ಹಿರಿಯಣ್ಣನ ಕೈಗೆ ಮುಟ್ಟದ ಬಾಲನ್ನು ಶೂಟ್ ಮಾಡ್ಬೇಡ. ಈಸ್ಟರ್ ತನಕ.”

“ಅಂಕಲ್, ಬೇಕಾದ್ರೆ ಚಿಕನ್ ಬಿಡ್ತೇನೆ. ಮೀನೂ ಬಿಡ್ತೇನೆ. ಇದೊಂದು ಬೇಡ, ಪ್ಲೀಸ್.”

“ಹಣೆಯಲ್ಲಿ ಬೂದಿ ಇಟ್ಕೊಂಡು ಚೌಕಾಸಿಯಾ?”

ಒಪ್ಪಿದ. ಹ್ಯಾರಿಸ್‌ನನ್ನೂ ಎಳೆದು ತಂದ, ಒಬ್ಬನೇ ಯಾಕೆ ಸಾಯಲಿ ಎಂದು.

೨೨ ಮಾರ್ಚ್

ಮೂರು ಮ್ಯಾಚ್ ಸೋತೆವು. ವ್ರತ ಮಾತ್ರ ಮುರಿಯಲಿಲ್ಲ. ಜೋಯೆಲ್ ಹಲ್ಲು ಕಚ್ಚಿಕೊಂಡು ಪಾಸ್ ಕೊಡುತ್ತಾನೆ. ಹಿರಿಯಣ್ಣ ಬಿಸಿ ಪಾತ್ರೆ ಮುಟ್ಟಿದವನಂತೆ ತಕ್ಷಣ ಇನ್ನೊಬ್ಬನಿಗೆ ದಾಟಿಸುತ್ತಾನೆ. ಆ ಇನ್ನೊಬ್ಬನನ್ನು ತಡೆಯಲು ಎದುರು ಹೆಚ್ಚಾಗಿ ಯಾರೂ ಇರುವುದಿಲ್ಲ…

೧೦ ಮೇ

ಈಸ್ಟರ್ ಹೋಗಿ ತಿಂಗಳಾಯಿತು. ವ್ರತ ಮುಗಿದದ್ದು ಇಬ್ಬರಿಗೂ ಮರೆತೇ ಹೋಗಿದೆ. ನಾನೂ ನೆನಪಿಸಲಿಲ್ಲ. ಎರಡು ಗೆದ್ದೆವು. ಕಮಿಲ್ಲಸ್ ಇಂದು ಶೇವ್ ಮಾಡಿಕೊಂಡು ಕೋರ್ಟಿಗೆ ಬಂದರು.

೬ ಜೂನ್, ಪಾಯಿಂಟ್ ಕುಕ್, ಮೆಲ್ಬರ್ನ್, ಅಕ್ಕನ ಮನೆ

ಲಾಂಗ್ ವೀಕೆಂಡ್. ನಾಳೆ ಇಲ್ಲಿನ ಟೀಮ್ ಜೊತೆ ಕೊನೆಯ ಮ್ಯಾಚ್. ಸೋತರೆ ನಾವೇ ಕೊನೆ, ಔಟ್. ಕಮಿಲ್ಲಸ್ ಸಂಜೆಯಿಂದ ಕಿಟಕಿಯ ಹತ್ತಿರ ನಿಂತಿದ್ದಾರೆ, ಅದೇ ಹಳೆಯ ಮುಖ. ನಾಳೆ ಸೋತರೆ ಪುನಃ ಸೋಫಾ. ಜಪಮಾಲೆ ಹಿಡಿದಿದ್ದೇನೆ, ಲೆಕ್ಕ ತಪ್ಪುತ್ತಿದೆ.

೮ ಜೂನ್, ಸೋಮವಾರ, ಸಿಡ್ನಿಗೆ ವಾಪಸು, ಕಾರಿನಲ್ಲಿ, ಹ್ಯೂಮ್ ಹೈವೇ

ಗೆದ್ದೆವು! ಒಂದೇ ಪಾಯಿಂಟು.

ನಿನ್ನೆ ಪೆನ್ನು ಹಿಡಿಯಲು ಪುರುಸೊತ್ತಾಗಲಿಲ್ಲ. ಕೊನೆಯ ಹತ್ತು ಸೆಕೆಂಡ್, ಒಂದು ಪಾಯಿಂಟ್ ಹಿಂದೆ. ಬಾಲ್ ಜೋಯೆಲ್ ಕೈಯಲ್ಲಿ, ಮೂವರು ಅವನ ಮೈಮೇಲೆ. ಹಿರಿಯಣ್ಣ ರಿಂಗಿನ ಕೆಳಗೆ ಒಬ್ಬನೇ. ಅವನಿಗೆ ಶೂಟ್ ಬಾರದೆಂದು ಪಾಯಿಂಟ್ ಕುಕ್ ಟೀಮಿಗೆಲ್ಲ ಗೊತ್ತು. ಜೋಯೆಲ್ ಕೊಟ್ಟ. ಅವನಿಗೇ ಕೊಟ್ಟ!

“ಹಾಕು ಹಿರಿಯಣ್ಣಾ! ಹಾಕು ಮಾರಾಯ!”

ಹಾಲ್ ಬಿರಿಯುವಂತೆ ಕೂಗಿದ್ದು ನನ್ನ ಗಂಡ. ಬಾಲ್ ರಿಂಗನ್ನು ಸುತ್ತಿ, ಯೋಚಿಸಿ, ಒಳಗೆ ಬಿತ್ತಂತೆ. ನಾನು ನೋಡಲಿಲ್ಲ. ನಾನು ಇವರನ್ನೇ ನೋಡುತ್ತಿದ್ದೆ.

ಕೆಲಸ ಇನ್ನೂ ಸಿಕ್ಕಿಲ್ಲ. ಬುಧವಾರ ಒಂದು ಇಂಟರ್‌ವ್ಯೂ ಇದೆಯಂತೆ, ಇವರೇ ಅಪ್ಲೈ ಮಾಡಿದ್ದು, ನನಗೆ ದಾರಿಯಲ್ಲಿ ಆಲ್ಬರಿ ಊರು ದಾಟಿದ ಮೇಲೆ ಹೇಳಿದರು. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದಂತಿದೆ.

ಬೆಳಿಗ್ಗೆಯಿಂದ ಮಾತು ನಿಂತಿಲ್ಲ. ಹಿರಿಯಣ್ಣ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ, ಹಾಗಾಗಿ ಎಲ್ಲ ನನ್ನ ಕಿವಿಗೆ. ಅದೇ ಕೊನೆಯ ಬಾಲ್, ಐದನೇ ಸಲ. ಒಂದು ನಿಮಿಷ ಸುಮ್ಮನಿರಿ ಮಾರಾಯರೇ ಎಂದು ಬಾಯಿ ತನಕ ಬಂತು, ನುಂಗಿಕೊಂಡೆ. “ಕೇಳ್ತಾ ಇದ್ದೀಯಾ ನತಾಲಿಯಾ?” ಎನ್ನುತ್ತಿದ್ದಾರೆ. ಕೇಳದೆ ಏನು, ಇನ್ನೊಂದು ಸಲ ಮೊದಲಿಂದ ಹೇಳಿ ಎಂದೆ. ಪೆನ್ನು ಇಡುತ್ತೇನೆ.