ಪಲ್ಲವಿಯ ಹಲ್ಲು, ಪಂಚಮಿಯ ಉಂಡಿ

ಮಾವಾ,

ನಿಮ್ಮ ಮೊಮ್ಮಗಳ ದವಡೆ ಊದಿದೆ. ಹಲ್ಲಿನ ಡಾಕ್ಟರಿಗೆ ತೋರಿಸಲು ದೇವದುರ್ಗದಿಂದ ಬರುವ ಬಸ್ಸಿನಲ್ಲಿ ರಾಯಚೂರಿಗೆ ಕರೆದೊಯ್ಯುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ, ಪಲ್ಯ ಒಲೆಯ ಮೇಲಿದೆ. ಬೆಲ್ಲದ ಉಂಡಿ ಡಬ್ಬಿಯನ್ನು ಪಕ್ಕದ ಮನೆಯ ಅಯ್ಯಮ್ಮನಿಗೆ ಕೊಟ್ಟಿದ್ದೇನೆ, ಹುಡುಕಬೇಡಿ.

ಪಂಚಮಿ ರಜೆಯಲ್ಲಿ ದಿನಕ್ಕೊಂದೇ ಉಂಡಿ, ಅದೂ ಊಟದ ಜೊತೆಗೆ ಎಂದು ಹೇಳಿದ್ದೆ. ನೀವು ತಲೆಯಾಡಿಸಿದ್ದಿರಿ. ಬೆಳಿಗ್ಗೆ ಪಲ್ಲವಿಯನ್ನು ಕೇಳಿದರೆ, "ಯಾರೂ ಕೊಟ್ಟಿಲ್ಲ ಯವ್ವಾ, ನಾನಽ ಡಬ್ಬಿ ಇಳಿಸಿ ತಿಂದೀನಿ" ಅಂದಳು. ಆ ಡಬ್ಬಿ ಇಳಿಸಲು ನನಗೇ ಸ್ಟೂಲು ಬೇಕು. ಅಷ್ಟು ನೋವಿನಲ್ಲೂ ನಿಮ್ಮ ಹೆಸರು ಹೇಳಲಿಲ್ಲ.

ಬಂದ ಮೇಲೆ ಎರಡು ಹೊತ್ತೂ ಅವಳ ಹಲ್ಲು ನೀವೇ ಉಜ್ಜಿಸಿ. ನಾನು ಬ್ರಷ್ ಹಿಡಿದರೆ ಬಾಯಿ ತೆರೆಯುವುದಿಲ್ಲ. ನಿಮ್ಮ ಮಾತಿಗೆ ತೆರೆಯುತ್ತಾಳೆ.

ಅಂಬಿಕಾ